ಮಾಡರ್ನ್ ಸ್ಟೇಟ್ಸ್ ಕೋರ್ಸ್, ಕ್ಲೆಪ್ ಗಣಿತ ಪರೀಕ್ಷೆ: ಹೋಮ್‌ಸ್ಕೂಲ್ ಮಗಳ ಜೊತೆ ಒಂದೂವರೆ ವರ್ಷ ಕಂಡದ್ದು

ನಮ್ಮನೆ ಫ್ರಿಡ್ಜ್ ಬಾಗಿಲ ಮೇಲೆ ಮೂರು ಚೀಟಿ ಅಂಟಿಸಿದೆ. 61, 47, 56. ಮೂರೂ ಮಗಳು ಬರೆದ ಕ್ಲೆಪ್ ಪರೀಕ್ಷೆಗಳ ಅಂಕ. ಕಾಲೇಜಿನ ಒಂದು ಕೋರ್ಸನ್ನು ತರಗತಿಗೆ ಹೋಗದೆ, ಪರೀಕ್ಷೆ ಬರೆದೇ ಮುಗಿಸಿದ ಲೆಕ್ಕ (ಕ್ರೆಡಿಟ್) ಪಡೆಯಲು ಇರುವ ಪರೀಕ್ಷೆ ಇದು. ಮಧ್ಯದ 47 ತೆಗೆದುಬಿಡಮ್ಮ ಅಂತ ಎರಡು ಸಲ ಹೇಳಿದೆ. ಅವಳು ತೆಗೆಯಲಿಲ್ಲ. ಈಗ ನನಗೂ ಅದು ಅಲ್ಲೇ ಇರಲಿ ಅನ್ನಿಸುತ್ತದೆ.

ನಾವಿರುವುದು ಟೆಕ್ಸಸ್‌ನಲ್ಲಿ, ಡಾಲಸ್ ಪಕ್ಕದ ಅರ್ವಿಂಗ್. ಮಗಳಿಗೆ 16. ಆರನೇ ಕ್ಲಾಸಿನಿಂದ ಮನೆಯಲ್ಲೇ ಓದುತ್ತಿದ್ದಾಳೆ. ಫ್ರಿಸ್ಕೊ ಹನುಮಂತನ ಗುಡಿಯಲ್ಲಿ ಪ್ರಸಾದಕ್ಕೆ ನಿಂತಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಸ್ಕೂಲಿಗೇ ಕಳಿಸಲ್ವಂತೆ, ಹಾಗಾದ್ರೆ ಕಾಲೇಜಿಗೆ ಹೇಗೆ ಸೇರಿಸ್ತೀರ?" ಕಾಳಜಿಯಿಂದಲೇ ಕೇಳುತ್ತಾರೆ. ಸಾಲಿನಲ್ಲಿ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾನೂನಿನ ಭಯ ಬೇಡ. ಟೆಕ್ಸಸ್‌ನಲ್ಲಿ ಹೋಮ್‌ಸ್ಕೂಲ್ ಅಂದರೆ ಖಾಸಗಿ ಶಾಲೆ ಇದ್ದ ಹಾಗೆ. 1994ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಲೀಪರ್ ಕೇಸಿನಲ್ಲಿ ಹಾಗೆ ತೀರ್ಪು ಕೊಟ್ಟಿತು. ಕಷ್ಟ ಇರುವುದು ಬೇರೆ ಕಡೆ. ಮನೆಯಲ್ಲಿ ನಾನು ಹಾಕಿದ 'ಎ' ಗ್ರೇಡನ್ನು ಕಾಲೇಜಿನವರು ಯಾಕೆ ನಂಬಬೇಕು? ಗಣಿತದಲ್ಲಿ ಈ ಪ್ರಶ್ನೆ ಇನ್ನೂ ಗಟ್ಟಿ. ಅವಳಿಗೆ ಸಿವಿಲ್ ಎಂಜಿನಿಯರಿಂಗ್ ಓದಬೇಕು. ಅಂದರೆ ಕ್ಯಾಲ್ಕುಲಸ್ ಬೇಕೇ ಬೇಕು. ಹೊರಗಿನವರು ಯಾರಾದರೂ "ಹೌದು, ಈ ಹುಡುಗಿಗೆ ಗಣಿತ ಬರುತ್ತದೆ" ಅಂತ ಹೇಳಬೇಕಿತ್ತು.

ಮೊದಲು ನಾವು ಎಡವಿದ್ದು ದುಡ್ಡು ಕೊಟ್ಟು ಸೇರಿಸಿದ ಒಂದು ಆನ್‌ಲೈನ್ ತಾಣದಲ್ಲಿ. ಅದರ ಹೆಸರು ಬೇಡ. ತಿಂಗಳಿಗಿಷ್ಟು ಅಂತ ಕಾರ್ಡಿನಿಂದ ದುಡ್ಡು ಹೋಗುತ್ತಿತ್ತು. ಉತ್ತರ ಸರಿಯಾದರೆ ನಕ್ಷತ್ರ ಬರುತ್ತಿತ್ತು, ಚಪ್ಪಾಳೆ ಕೇಳಿಸುತ್ತಿತ್ತು. ನಾಲ್ಕು ತಿಂಗಳಲ್ಲಿ ಮಗಳ ಹತ್ತಿರ ರಾಶಿ ನಕ್ಷತ್ರ. ಒಂದು ದಿನ ಅಡುಗೆ ಮನೆ ಟೇಬಲ್ ಮೇಲೆ ಖಾಲಿ ಹಾಳೆ ಇಟ್ಟು, "ಈ ವರ್ಗ ಸಮೀಕರಣ ಬಿಡಿಸಮ್ಮ" ಅಂದೆ. ಪೆನ್ಸಿಲ್ ಹಿಡಿದು ಸುಮ್ನೆ ಕೂತಳು. ನಾಲ್ಕು ಆಯ್ಕೆ ಕೊಟ್ಟರೆ ಸರಿಯಾದದ್ದು ಆರಿಸುತ್ತಾಳೆ, ಮೊದಲ ಸಾಲು ತಾನೇ ಬರೆಯಲು ಬರುವುದಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇಡ ಅಂತ ತಿಳಿಸಿದ ಮೇಲೂ ಎರಡು ತಿಂಗಳು ದುಡ್ಡು ಕಡಿತವಾಯಿತು. ಅದು ಹೋಗಲಿ, ಮಗುವಿನ ನಾಲ್ಕು ತಿಂಗಳು ಹೋಯಿತಲ್ಲ, ಅದು ಜಾಸ್ತಿ ನೋವು.

ಆಮೇಲೆ ಸಿಕ್ಕಿದ್ದು ಮಾಡರ್ನ್ ಸ್ಟೇಟ್ಸ್.

ಇದು ಲಾಭಕ್ಕಾಗಿ ನಡೆಸದ ಸಂಸ್ಥೆ. ಕ್ಲೆಪ್ ಪರೀಕ್ಷೆಗಳಿಗೆ ತಯಾರಾಗಲು ಆನ್‌ಲೈನ್ ಕೋರ್ಸ್ ಕೊಡುತ್ತಾರೆ. ಪೂರ್ತಿ ಉಚಿತ. ಕಾಲೇಜು ಪ್ರಾಧ್ಯಾಪಕರ ವಿಡಿಯೊ ಪಾಠ, ಓದಲು ಉಚಿತ ಪುಸ್ತಕ, ಅಭ್ಯಾಸದ ಪ್ರಶ್ನೆ ಎಲ್ಲ ಇವೆ. ಕೋರ್ಸ್ ಮುಗಿಸಿ ಅಭ್ಯಾಸದ ಪ್ರಶ್ನೆಗಳಲ್ಲಿ ಸಾಕಷ್ಟು ಅಂಕ ತೆಗೆದರೆ ಪರೀಕ್ಷೆಯ ಶುಲ್ಕಕ್ಕೆ ಅವರೇ ವೋಚರ್ ಕೊಡುತ್ತಾರೆ. ಕ್ಲೆಪ್ ಪರೀಕ್ಷೆ ಒಂದಕ್ಕೆ 90 ಡಾಲರ್ ಮೇಲೆ. ಅಷ್ಟು ದುಡ್ಡು ಯಾರೋ ಕೊಡುತ್ತಾರೆ ಅಂದರೆ ನಮ್ಮ ಕಡೆಯವರಿಗೆ ಮೊದಲು ಅನುಮಾನವೇ ಬರುವುದು. ನನಗೂ ಬಂತು. ಆದರೆ ಎರಡು ವೋಚರ್ ನಮ್ಮ ಕೈಗೇ ಬಂದವು, ಎರಡೂ ನಡೆದವು. ಪರೀಕ್ಷಾ ಕೇಂದ್ರದವರ ಶುಲ್ಕ ಬೇರೆ. ನಾವು ಹೋದ ಕಡೆ 25 ಡಾಲರ್ ತೆಗೆದುಕೊಂಡರು.

ಕ್ಲೆಪ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಎಸ್‌ಎಟಿ (ಕಾಲೇಜು ಪ್ರವೇಶದ ಪರೀಕ್ಷೆ), ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ನಡೆಸುವ ಕಾಲೇಜ್ ಬೋರ್ಡೇ ಇದನ್ನೂ ನಡೆಸುತ್ತದೆ. ಒಟ್ಟು 34 ವಿಷಯ. ಗಣಿತದಲ್ಲಿ ಕಾಲೇಜ್ ಆಲ್ಜೀಬ್ರ, ಕಾಲೇಜ್ ಮ್ಯಾಥಮ್ಯಾಟಿಕ್ಸ್, ಪ್ರಿಕ್ಯಾಲ್ಕುಲಸ್, ಕ್ಯಾಲ್ಕುಲಸ್ ಅಂತ ನಾಲ್ಕು. ಅಂಕ 20ರಿಂದ 80ರವರೆಗೆ. 50 ಬಂದರೆ ಕ್ರೆಡಿಟ್ ಕೊಡಬಹುದು ಅಂತ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಶಿಫಾರಸು ಮಾಡಿದೆ. ಕೊಡುವುದು ಬಿಡುವುದು ಆಯಾ ಕಾಲೇಜಿನ ಇಷ್ಟ. ಎಪಿ ಹಾಗೆ ಮೇ ತಿಂಗಳವರೆಗೆ ಕಾಯಬೇಕಿಲ್ಲ, ವರ್ಷವಿಡೀ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಗಣಿತದ ಪರೀಕ್ಷೆಗಳಲ್ಲಿ ಬರೆದು ಮುಗಿಸಿದ ಕೂಡಲೇ ಪರದೆ ಮೇಲೆ ಅಂಕ ಬರುತ್ತದೆ. ಕಡಿಮೆ ಬಂದರೆ ಅದೇ ಪರೀಕ್ಷೆ ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕು.

ಫೆಬ್ರವರಿಯಲ್ಲಿ ಕಾಲೇಜ್ ಆಲ್ಜೀಬ್ರ ಬರೆದಳು. 90 ನಿಮಿಷ, 60 ಪ್ರಶ್ನೆ. ತಯಾರಿಗೆ ನಾಲ್ಕು ತಿಂಗಳು ಹಿಡಿದಿತ್ತು. 61 ಬಂತು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಭಾರತದಲ್ಲಿ ಹತ್ತನೇ ಕ್ಲಾಸು, ಮೊದಲನೇ ಪಿಯುಸಿಯ ಬೀಜಗಣಿತ ನೆನಪಿರುವ ಅಪ್ಪ ಅಮ್ಮ ಮನೆಯಲ್ಲೇ ಮಗುವನ್ನು ಇದಕ್ಕೆ ತಯಾರು ಮಾಡಬಹುದು.

ಪ್ರಿಕ್ಯಾಲ್ಕುಲಸ್, ಅಂದರೆ ಕ್ಯಾಲ್ಕುಲಸ್‌ಗೆ ಮೊದಲು ಕಲಿಯಬೇಕಾದ ಗಣಿತ, ಬೇರೆಯೇ. ಇದರಲ್ಲಿ 48 ಪ್ರಶ್ನೆ, ಎರಡು ಭಾಗ. ಮೊದಲ ಭಾಗಕ್ಕೆ 50 ನಿಮಿಷ, ಪರದೆ ಮೇಲೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇರುತ್ತದೆ. ಎರಡನೇ ಭಾಗಕ್ಕೆ 40 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ. ಮನೆಯಿಂದ ಕ್ಯಾಲ್ಕುಲೇಟರ್ ಒಯ್ಯುವ ಹಾಗಿಲ್ಲ. ಪರದೆ ಮೇಲಿನದನ್ನು ಮೌಸ್‌ನಿಂದ ಒತ್ತುವುದು ಕೈಯಲ್ಲಿ ಒತ್ತಿದಷ್ಟು ಬೇಗ ಆಗುವುದಿಲ್ಲ, ಮೊದಲೇ ಅಭ್ಯಾಸ ಮಾಡಿಸಿ. ಪಠ್ಯದಲ್ಲಿ ತ್ರಿಕೋನಮಿತಿಗೆ ಅಂತ ಇರುವುದು 15 ಪ್ರತಿಶತ. ಅಷ್ಟೇನಾ ಅಂತ ನಾವು ಹಗುರವಾಗಿ ತೆಗೆದುಕೊಂಡೆವು. 30 ಪ್ರತಿಶತ ಇರುವುದು ಫಂಕ್ಷನ್‌ಗಳನ್ನು ಗ್ರಾಫ್, ಕೋಷ್ಟಕ, ಸೂತ್ರವಾಗಿ ನೋಡುವ ಪ್ರಶ್ನೆಗಳು. ಅಲ್ಲಿಯೂ ಸೈನ್, ಕಾಸ್ ಗ್ರಾಫ್‌ಗಳು ಬರುತ್ತವೆ.

ಜೂನ್‌ನಲ್ಲಿ ಬರೆದಳು. ನಾನು ಕೇಂದ್ರದ ಹೊರಗೆ ಕಾಯುತ್ತಿದ್ದೆ. ಬಾಗಿಲು ತೆಗೆದು ಬಂದವಳ ಮುಖ ನೋಡಿಯೇ ಗೊತ್ತಾಯಿತು. ಕಾರಿನಲ್ಲಿ ಕೂತ ಮೇಲೆ "47 ಅಮ್ಮ" ಅಂದಳು. ಮನೆ ತಲುಪುವವರೆಗೂ ಇಬ್ಬರೂ ಮಾತಾಡಲಿಲ್ಲ.

ಕ್ಲೆಪ್‌ನಲ್ಲಿ ನನಗೆ ತುಂಬಾ ಇಷ್ಟವಾದ ಗುಣ ಇಲ್ಲೇ ಕಂಡದ್ದು. ಆ 47 ಯಾವ ಕಾಲೇಜಿನ ದಾಖಲೆಗೂ ಹೋಗಲಿಲ್ಲ. ನಾವಾಗಿ ಕಳಿಸದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅದರ ಬದಲು ಕಮ್ಯುನಿಟಿ ಕಾಲೇಜಿನಲ್ಲಿ (ಊರಿನ ಎರಡು ವರ್ಷದ ಸರ್ಕಾರಿ ಕಾಲೇಜು) ಪ್ರಿಕ್ಯಾಲ್ಕುಲಸ್ ಕೋರ್ಸ್ ತೆಗೆದುಕೊಂಡು 'ಡಿ' ಬಂದಿದ್ದರೆ? ಅದು ಕಾಲೇಜ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಅಂಕಪಟ್ಟಿಯಲ್ಲಿ, ಉಳಿದುಬಿಡುತ್ತಿತ್ತು. ಮುಂದೆ ಯಾವ ಯೂನಿವರ್ಸಿಟಿಗೆ ಅರ್ಜಿ ಹಾಕಿದರೂ ಜೊತೆಗೆ ಬರುತ್ತಿತ್ತು. 15 ವರ್ಷದ ಮಗುವಿಗೆ ಅಷ್ಟು ಬೇಗ ಅಂಥ ಭಾರ ಹೊರಿಸುವುದು ಬೇಡ, ಅಲ್ವಾ? ಡ್ಯುಯಲ್ ಕ್ರೆಡಿಟ್‌ಗೆ (ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಕೋರ್ಸ್ ಓದುವುದು) ಆತುರ ಪಡುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಯೋಚಿಸಿ.

ಒಂದು ಮಿತಿ ಇದೆ. ಯಾವ ಪ್ರಶ್ನೆ ತಪ್ಪಾಯಿತು ಅಂತ ಕ್ಲೆಪ್ ಹೇಳುವುದಿಲ್ಲ. ಒಟ್ಟು ಅಂಕ ಮಾತ್ರ. ಎಲ್ಲಿ ಎಡವಿದೆವು ಅನ್ನುವುದನ್ನು ನಾವೇ ಹುಡುಕಿಕೊಳ್ಳಬೇಕು. ಕ್ಯಾಲ್ಕುಲೇಟರ್ ಇಲ್ಲದ ಭಾಗದಲ್ಲಿ ಕೈಕಟ್ಟಿದ ಹಾಗಾಯಿತು ಅಂತ ಅವಳೇ ಹೇಳಿದಳು.

ಆಗ ಮುಂದೆ ಬಂದವರು ನಮ್ಮಪ್ಪ. ಹಾಸನದಲ್ಲಿದ್ದಾರೆ, ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗಿ ನಿವೃತ್ತರಾದವರು. ಇಲ್ಲಿ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಬೆಳಿಗ್ಗೆ ಏಳು. ಕಾಫಿ ಕುಡಿದು, ಹಳೆ ಕ್ಯಾಲೆಂಡರ್ ಹಾಳೆಯ ಹಿಂಬದಿ ಬಿಳಿ ಜಾಗ ಮೇಲೆ ಮಾಡಿಟ್ಟುಕೊಂಡು ವಿಡಿಯೊ ಕಾಲ್ ಮಾಡುತ್ತಿದ್ದರು. ವಾರಕ್ಕೆ ನಾಲ್ಕು ದಿನ, ಮೂರು ತಿಂಗಳು.

ಮೊದಲ ದಿನ ಅವರು ಹೇಳಿಕೊಟ್ಟದ್ದು ನಾನೂ ಮರೆತಿದ್ದ ಲೆಕ್ಕ. "ಪುಟ್ಟಿ, 0, 1, 2, 3, 4 ಅಂತ ಸಾಲಾಗಿ ಬರಿ. ಒಂದೊಂದನ್ನೂ 4ರಿಂದ ಭಾಗಿಸು. ಈಗ ವರ್ಗಮೂಲ ತೆಗಿ. ಅದೇ 0, 30, 45, 60, 90 ಡಿಗ್ರಿಯ ಸೈನ್." ಅವಳು ಬರೆದು ನೋಡಿದಳು. 30ಕ್ಕೆ ಅರ್ಧ, 90ಕ್ಕೆ 1. "ಕಾಸ್ ತಾತ?" "ಅದೇ ಸಾಲನ್ನ ಬಲದಿಂದ ಎಡಕ್ಕೆ ಓದು." ಅವಳ ಕಣ್ಣು ಅರಳಿದ್ದು ನಾನು ಪಕ್ಕದಲ್ಲಿ ಕೂತು ನೋಡಿದೆ. ಆಮೇಲೆ ಅಮ್ಮನ ಬಳೆ ತೆಗೆದು ಕ್ಯಾಲೆಂಡರ್ ಹಾಳೆ ಮೇಲಿಟ್ಟು, ಸುತ್ತಲೂ ಪೆನ್ಸಿಲ್ ಓಡಿಸಿ ವೃತ್ತ ಮಾಡಿ, 120 ಡಿಗ್ರಿಯಲ್ಲಿ ಕಾಸ್ ಯಾಕೆ ಋಣ (ಮೈನಸ್) ಆಗುತ್ತದೆ ಅಂತ ತೋರಿಸಿದರು. ಇಲ್ಲಿಯ ಪ್ರಶ್ನೆಗಳಲ್ಲಿ ಕೋನವನ್ನು ರೇಡಿಯನ್ ಅನ್ನುವ ಅಳತೆಯಲ್ಲೂ ಕೊಡುತ್ತಾರೆ. ಹಾಗಾಗಿ ಎರಡನೇ ವಾರದಿಂದ ಡಿಗ್ರಿ ಅನ್ನುವ ಮಾತೇ ಎತ್ತಬಾರದು ಅಂತ ಇಬ್ಬರೂ ನಿಯಮ ಮಾಡಿಕೊಂಡರು. 30 ಅನ್ನುವ ಬದಲು ಪೈ ಬೈ ಆರು ಅಂತಲೇ ಮಾತು.

ಇನ್ನೊಂದು ಜಾಗದಲ್ಲಿ ಅವಳು ತುಂಬಾ ದಿನದಿಂದ ಸಿಕ್ಕಿಕೊಂಡಿದ್ದಳು. ಫಂಕ್ಷನ್ ಒಳಗೆ ಎಕ್ಸ್ ಬದಲು ಎಕ್ಸ್ ಮೈನಸ್ 2 ಹಾಕಿದರೆ ಗ್ರಾಫ್ ಬಲಕ್ಕೆ ಸರಿಯುತ್ತದೆ. ಮೈನಸ್ ಅಂದ ಮೇಲೆ ಎಡಕ್ಕೆ ಹೋಗಬೇಕಲ್ವಾ ಅಂತ ಅವಳ ವಾದ. ನಾನು ಎಷ್ಟು ಹೇಳಿದರೂ ಒಪ್ಪಿರಲಿಲ್ಲ. ಅಪ್ಪ ಕೇಳಿದರು: "ಹಾಸನದಿಂದ ಬೆಂಗಳೂರಿಗೆ ಎಂಟು ಗಂಟೆಗೆ ಹೊರಡೋ ಬಸ್ಸು ಇವತ್ತು ಎರಡು ಗಂಟೆ ತಡ. ಹತ್ತಕ್ಕೆ ಹೊರಡುತ್ತೆ. ಇವತ್ತು ಹತ್ತು ಗಂಟೆಗೆ ಬಸ್ಸು ಎಲ್ಲಿರುತ್ತೆ ಅಂತ ತಿಳಿಯಬೇಕಾದ್ರೆ ದಿನದ ವೇಳಾಪಟ್ಟಿಯಲ್ಲಿ ಎಷ್ಟು ಗಂಟೆ ನೋಡ್ತೀಯ?" "ಎಂಟು." "ಹತ್ತರಿಂದ ಎಷ್ಟು ಕಳೆದೆ?" "ಎರಡು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಓ! ಕಳೆಯೋದು ವೇಳಾಪಟ್ಟಿ ನೋಡೋಕೆ, ಬಸ್ಸು ಮಾತ್ರ ತಡವಾಗೇ ಬರುತ್ತೆ" ಅಂದಳು. ಆವತ್ತಿನಿಂದ ಆ ತಪ್ಪು ಮತ್ತೆ ಮಾಡಿಲ್ಲ.

ಹಾಗಾದರೆ ಮಾಡರ್ನ್ ಸ್ಟೇಟ್ಸ್ ಬೇಕಾಗಿರಲಿಲ್ಲವಾ? ಬೇಕಿತ್ತು. ಯಾವ ಪಾಠ ಆದ ಮೇಲೆ ಯಾವುದು, ಎಷ್ಟು ಆಳ, ಎಲ್ಲಿಗೆ ನಿಲ್ಲಿಸಬೇಕು ಅನ್ನುವ ದಾರಿ ಹಾಕಿಕೊಟ್ಟದ್ದು ಅದೇ. ಜೊತೆಗೆ ಹ್ಯೂಸ್ಟನ್‌ನ ರೈಸ್ ಯೂನಿವರ್ಸಿಟಿಯ ಓಪನ್‌ಸ್ಟ್ಯಾಕ್ಸ್ ಕೊಡುವ ಉಚಿತ ಪಠ್ಯಪುಸ್ತಕದಿಂದ ದಿನಾ ಲೆಕ್ಕ ಮಾಡಿಸಿದೆ. ಆದರೆ ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ಮಗು ಬರೆದ ಹಾಳೆಯನ್ನು ಅದು ನೋಡುವುದಿಲ್ಲ. ಆ ಹಾಳೆ ನೋಡುವ ಒಬ್ಬ ಮನುಷ್ಯ ಮನೆಯಲ್ಲೋ ಫೋನಿನಲ್ಲೋ ಇರಲೇಬೇಕು. ನಿಮ್ಮ ಮನೆಯಲ್ಲಿ ಅಂಥವರಿಲ್ಲದಿದ್ದರೆ ವಾರಕ್ಕೊಂದು ಗಂಟೆಯಾದರೂ ಟ್ಯೂಷನ್ ಇಡಿ.

ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಬರೆದಳು. ಈ ಸಲ ಶುಲ್ಕ ನಾವೇ ಕಟ್ಟಿದೆವು. 56. ಹಾಸನದಲ್ಲಿ ಆಗ ರಾತ್ರಿ. ಆದರೂ ಫೋನ್ ಮಾಡಿದೆವು. ಅಪ್ಪ ಮಲಗಿರಲಿಲ್ಲ.

ಈಗ ಎಲ್ಲರಿಗೂ ಗೊಂದಲ ಆಗುವ ವಿಷಯಕ್ಕೆ ಬರುತ್ತೇನೆ. ಎಂಜಿನಿಯರಿಂಗ್ ಡಿಗ್ರಿಗೆ ಕಾಲೇಜ್ ಆಲ್ಜೀಬ್ರ, ಪ್ರಿಕ್ಯಾಲ್ಕುಲಸ್ ಕ್ರೆಡಿಟ್ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಗಣಿತ ಶುರುವಾಗುವುದೇ ಕ್ಯಾಲ್ಕುಲಸ್‌ನಿಂದ. ಹಾಗಿದ್ದರೆ ಇಷ್ಟೆಲ್ಲ ಯಾಕೆ ಬರೆಸಿದಿರಿ ಅಂತ ಪರಿಚಯದ ಒಬ್ಬರು ಕೇಳಿದರು. ನಾವು ಕ್ಲೆಪ್ ಬಳಸಿದ್ದು ಡಿಗ್ರಿಗೆ ಕ್ರೆಡಿಟ್ ಕೂಡಿಸಲು ಅಲ್ಲ, ಕ್ಯಾಲ್ಕುಲಸ್ ತರಗತಿಯ ಬಾಗಿಲು ತೆಗೆಸಲು. ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಕೋರ್ಸ್‌ಗಳಿಗೆ ಒಂದೇ ನಂಬರ್ ಪದ್ಧತಿ ಇದೆ. ಮ್ಯಾತ್ 1314 ಅಂದರೆ ಕಾಲೇಜ್ ಆಲ್ಜೀಬ್ರ, 2412 ಪ್ರಿಕ್ಯಾಲ್ಕುಲಸ್, 2413 ಮೊದಲ ಕ್ಯಾಲ್ಕುಲಸ್, 2414 ಎರಡನೆಯದು. 2413ಕ್ಕೆ ಸೇರಬೇಕಾದರೆ 2412 ಗೊತ್ತಿದೆ ಅಂತ ತೋರಿಸಬೇಕು. ನಮ್ಮ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಆ 56 ಅಂಕ ಅದಕ್ಕೆ ಸಾಕಾಯಿತು. ಕಲೆ, ವಾಣಿಜ್ಯದ ಕಡೆ ಹೋಗುವ ಮಕ್ಕಳಾದರೆ ಲೆಕ್ಕ ಬೇರೆ. ಅವರಿಗೆ ಕಾಲೇಜ್ ಆಲ್ಜೀಬ್ರ ಒಂದೇ ಡಿಗ್ರಿಯ ಗಣಿತವನ್ನು ಮುಗಿಸಿಬಿಡಬಹುದು.

ಕಾಲೇಜಿನ ಡ್ಯುಯಲ್ ಕ್ರೆಡಿಟ್ ಕಚೇರಿಯಲ್ಲಿ ನಮಗೆ ಬೇಸರವಾಯಿತು. ಅರ್ಜಿಯಲ್ಲಿ ಶಾಲೆಯ ಕೌನ್ಸೆಲರ್ ಸಹಿ ಅಂತ ಒಂದು ಜಾಗ ಇದೆ. ಹೋಮ್‌ಸ್ಕೂಲ್‌ನಲ್ಲಿ ಆ ಸಹಿ ಹಾಕುವವಳು ನಾನೇ. ಎರಡು ಸಲ ಅರ್ಜಿ ವಾಪಸ್ ಬಂತು, "ಶಾಲೆಯವರಿಂದ ಸಹಿ ಮಾಡಿಸಿ" ಅಂತ. ಮೂರನೇ ಸಲ ನಾನೇ ಹೋಗಿ, ನಮ್ಮ ಟ್ರಾನ್ಸ್‌ಕ್ರಿಪ್ಟ್ ಮುಂದಿಟ್ಟು, ಬೇರೆ ಅಧಿಕಾರಿಯನ್ನು ಕೇಳಿಕೊಂಡ ಮೇಲೆ ಹತ್ತು ನಿಮಿಷದಲ್ಲಿ ಕೆಲಸ ಆಯಿತು. ಮನೆಯಲ್ಲಿ ಓದಿಸುವವರು ಒಂಬತ್ತನೇ ಕ್ಲಾಸಿನಿಂದಲೇ ಟ್ರಾನ್ಸ್‌ಕ್ರಿಪ್ಟ್ ಬರೆದಿಡಿ. ವರ್ಷ, ವಿಷಯ, ಓದಿದ ಪುಸ್ತಕ, ಗ್ರೇಡ್ ಎಲ್ಲ ಇರಲಿ. ಮಗುವಿಗೆ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಲಿ. ಸ್ಕೂಲ್ ಐಡಿ, ಡ್ರೈವಿಂಗ್ ಲೈಸೆನ್ಸ್ ಎರಡೂ ಇಲ್ಲದ ನಮ್ಮ ಮಗಳಿಗೆ ಪ್ರತಿ ಪರೀಕ್ಷೆಗೂ ಅದೇ ಆಧಾರ.

ಇದಲ್ಲದೆ ಕಾಲೇಜು ಪಾಠಕ್ಕೆ ತಯಾರಿದ್ದಾರಾ ಅಂತ ನೋಡುವ ಟಿಎಸ್‌ಐಎ2 ಅನ್ನುವ ರಾಜ್ಯದ ಅರ್ಹತಾ ಪರೀಕ್ಷೆ ಇದೆ. ಗಣಿತದಲ್ಲಿ 20 ಪ್ರಶ್ನೆ, ಸಮಯದ ಮಿತಿ ಇಲ್ಲ, 950 ಬಂದರೆ ದಾಟಿದ ಹಾಗೆ. ಆಲ್ಜೀಬ್ರ ಕ್ಲೆಪ್ ಮುಗಿಸಿದವರಿಗೆ ಕಷ್ಟ ಆಗುವುದಿಲ್ಲ.

ಜನವರಿಯಿಂದ ಮಗಳು 2413 ತರಗತಿಗೆ ಹೋಗುತ್ತಿದ್ದಾಳೆ. ಮಂಗಳವಾರ, ಗುರುವಾರ ಸಂಜೆ. ನಾನು ಲೈಬ್ರರಿಯಲ್ಲಿ ಕೂತಿರುತ್ತೇನೆ. ತರಗತಿಯಲ್ಲಿ ಮಗಳ ಪಕ್ಕದ ಕುರ್ಚಿಯಲ್ಲಿ ಕೂರುವಾಕೆ ಆಸ್ಪತ್ರೆ ಡ್ಯೂಟಿ ಮುಗಿಸಿ ಯೂನಿಫಾರ್ಮ್‌ನಲ್ಲೇ ಬರುತ್ತಾಳಂತೆ. ಅಷ್ಟು ದಣಿದು ಬಂದರೂ ಪ್ರಶ್ನೆ ಕೇಳುತ್ತಾಳೆ ಅಮ್ಮ ಅಂತ ಮಗಳು ಹೇಳುತ್ತಾಳೆ. ಅವಳಿಂದ ನಮ್ಮವಳೂ ಕೈ ಎತ್ತುವುದು ಕಲಿತಳು.

ಮೊದಲ ಟೆಸ್ಟ್ ದಿನ ಉತ್ತರ ಪತ್ರಿಕೆ ಹಿಡಿದು ಕಾರಿಗೆ ಬಂದಳು. "ಉತ್ತರ ಸರಿ ಇದ್ರೂ 3 ಅಂಕ ಹೋಯ್ತು." ನೋಡಿದೆ. ಲಿಮಿಟ್ ಲೆಕ್ಕದಲ್ಲಿ ಮೊದಲ ಸಾಲಿನಲ್ಲಿ ಮಾತ್ರ ಲಿಮಿಟ್ ಚಿಹ್ನೆ ಬರೆದಿದ್ದಾಳೆ. ಕೆಳಗಿನ ಸಾಲುಗಳಲ್ಲಿ ಬಿಟ್ಟುಬಿಟ್ಟಿದ್ದಾಳೆ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಪ್ರತಿ ಸಾಲಿಗೂ ಗುರುತು ಹಾಕಿ, ಪಕ್ಕದಲ್ಲಿ ಹೀಗೆ ಬರೆದಿದ್ದರು: ಮೌಲ್ಯ ಹಾಕುವವರೆಗೂ ಲಿಮಿಟ್ ಇದ್ದೇ ಇರುತ್ತದೆ, ಬಿಟ್ಟರೆ ಆ ಸಾಲು ಸುಳ್ಳಾಗುತ್ತದೆ. ಆ ಕೆಂಪು ಗುರುತುಗಳಿಗೆ ನಾನು ಎಷ್ಟು ಕೃತಜ್ಞಳೋ ಹೇಳಲಾರೆ. ಆಯ್ಕೆ ಆರಿಸುವ ಪರೀಕ್ಷೆಯಲ್ಲಿ ಈ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅದಕ್ಕೇ ಕ್ಯಾಲ್ಕುಲಸ್ ಅನ್ನು ಕ್ಲೆಪ್‌ನಲ್ಲಿ ಬರೆಸಲಿಲ್ಲ. ಆ ಪರೀಕ್ಷೆ ಕೆಟ್ಟದ್ದಲ್ಲ. 44 ಪ್ರಶ್ನೆ, 90 ನಿಮಿಷ. ಅರ್ಧ ಭಾಗ ಡೆರಿವೇಟಿವ್, 40 ಪ್ರತಿಶತ ಇಂಟಿಗ್ರಲ್, ಉಳಿದದ್ದು ಲಿಮಿಟ್. ಕ್ಯಾಲ್ಕುಲಸ್ ಒಂದೇ ಸೆಮಿಸ್ಟರ್ ಸಾಕು ಅನ್ನುವ ವಿಷಯಕ್ಕೆ ಹೋಗುವವರಿಗೆ ಒಳ್ಳೆಯ ದಾರಿ. ಆದರೆ ಎಂಜಿನಿಯರಿಂಗ್‌ನಲ್ಲಿ ಇದರ ಮೇಲೆ ಮತ್ತೆರಡು ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಇಕ್ವೇಷನ್ಸ್ ಕಟ್ಟಬೇಕು. ತಳಪಾಯದ ಕಲ್ಲನ್ನು ಒಬ್ಬ ಮೇಷ್ಟ್ರು ತಟ್ಟಿ ನೋಡಲಿ ಅನ್ನಿಸಿತು.

ಎಪಿ ಬಗ್ಗೆ ಕೇಳುವವರು ಜಾಸ್ತಿ. ದೊಡ್ಡ ಹೆಸರಿನ ಯೂನಿವರ್ಸಿಟಿಗಳ ಮೇಲೆ ಕಣ್ಣಿದ್ದರೆ 'ಎಪಿ ಕ್ಯಾಲ್ಕುಲಸ್ ಬಿ.ಸಿ.' ಅನ್ನುವ ಪರೀಕ್ಷೆ ಒಳ್ಳೆಯದು. ಅದರಲ್ಲಿ 5ಕ್ಕೆ 5 ಬಂದರೆ ಎಂಐಟಿ ಕೂಡ ಮೊದಲ ಕ್ಯಾಲ್ಕುಲಸ್‌ಗೆ ಕ್ರೆಡಿಟ್ ಕೊಡುತ್ತದೆ. ಆದರೆ ಹೋಮ್‌ಸ್ಕೂಲ್ ಮಕ್ಕಳು ಬರೆಯಲು ಜಾಗ ಕೊಡುವ ಶಾಲೆಯನ್ನು ನಾವೇ ಹುಡುಕಬೇಕು. ಮೇ ಪರೀಕ್ಷೆಗೆ ಹಿಂದಿನ ವರ್ಷದ ಅಕ್ಟೋಬರ್ ಹೊತ್ತಿಗೇ ಮಾತಾಡಿಟ್ಟುಕೊಳ್ಳಬೇಕು. ನಾನು ಐದು ಶಾಲೆಗೆ ಫೋನ್ ಮಾಡಿದೆ. ಒಂದು ಶಾಲೆ ಹೂಂ ಅಂದಿತು, ಅದೂ 40 ಮೈಲಿ ದೂರ.

ನನ್ನ ಅಭಿಪ್ರಾಯ ಕೇಳಿದರೆ: ಮಾಡರ್ನ್ ಸ್ಟೇಟ್ಸ್‌ಗೆ ಐದಕ್ಕೆ ಐದು. ಪ್ರಿಕ್ಯಾಲ್ಕುಲಸ್ ವರೆಗೆ ಕ್ಲೆಪ್ ಪರೀಕ್ಷೆಗೆ ನಾಲ್ಕೂವರೆ. ನೋಂದಣಿಗೆ ಮೊದಲು ನಿಮ್ಮ ಮಗು ಹೋಗಬೇಕೆಂದಿರುವ ಎರಡು ಮೂರು ಕಾಲೇಜುಗಳ ತಾಣ ತೆಗೆದು, ಕ್ಲೆಪ್ ಪಟ್ಟಿಯಲ್ಲಿ ಯಾವ ಪರೀಕ್ಷೆಗೆ ಎಷ್ಟು ಅಂಕ, ಯಾವ ಕೋರ್ಸ್ ಅಂತ ನೋಡಿ. ಆ ಪುಟವನ್ನು ದಿನಾಂಕ ಹಾಕಿ ಪ್ರಿಂಟ್ ತೆಗೆದಿಡಿ. ಅಂಕಗಳನ್ನು ಕಾಲೇಜ್ ಬೋರ್ಡ್ 20 ವರ್ಷ ಇಟ್ಟಿರುತ್ತದೆ, ಹಾಗಾಗಿ ಕಳಿಸಲು ಅವಸರ ಬೇಡ.

ಬೇಸಿಗೆ ರಜೆ ಆದ ಮೇಲೆ ಶುರುವಾಗುವ ಫಾಲ್ ಸೆಮಿಸ್ಟರ್‌ನ ನೋಂದಣಿ ಈ ತಿಂಗಳು ತೆರೆಯುತ್ತದೆ. 2414ಕ್ಕೂ ಅದೇ ಮೇಷ್ಟ್ರ ಸಂಜೆ ತರಗತಿ ಸಿಗಲಿ ಅಂತ ಕಾಯುತ್ತಿದ್ದೇವೆ. ಅಪ್ಪ ಹಾಸನದಲ್ಲಿ ಇಂಟಿಗ್ರೇಷನ್ ಮತ್ತೆ ಓದಲು ಶುರು ಮಾಡಿದ್ದಾರೆ.